ತಾವೇ ಸಾಲುಗಟ್ಟುವ ನ್ಯಾನೋ ಕಣಗಳು: ಏನಿದು ಸ್ವಯಂ ಜೋಡಣೆ? ಆತುರಪಟ್ಟರೆ ಕೆಡುವುದೇಕೆ?

ಪುಣೆಯ ಕೊಂಢವಾ ಇರಲಿ, ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಇರಲಿ, ಹಣ್ಣಿನ ಗಾಡಿಯವರು ಮೋಸಂಬಿ ಪೇರಿಸುವ ರೀತಿ ಒಂದೇ. ಕೆಳಗಿನ ಹಣ್ಣುಗಳ ನಡುವಿನ ತಗ್ಗಿನಲ್ಲಿ ಮೇಲಿನ ಹಣ್ಣು ಕೂರುತ್ತದೆ. ಒಂದೇ ಗಾತ್ರದ ಗೋಲಗಳನ್ನು ಇದಕ್ಕಿಂತ ಒತ್ತಾಗಿ ಜೋಡಿಸಲಾಗದು. ಜಾಗದ ಸುಮಾರು ಶೇ.74ರಷ್ಟು ತುಂಬುತ್ತದೆ.

ಹಣ್ಣು ಜೋಡಿಸಲು ಕೈ ಬೇಕು. ಆದರೆ ಮಿಲಿಮೀಟರ್‌ನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದಲ್ಲಿ ಅಳೆಯುವ ನ್ಯಾನೋ ಕಣಗಳು ಕೈ ಸೋಕದೆಯೇ ಸಾಲುಗಟ್ಟಿ ಸ್ಫಟಿಕವಾಗಬಲ್ಲವು. ಇದೇ ಸ್ವಯಂ ಜೋಡಣೆ.

ಹೇಗೆ ಸಾಧ್ಯ?

ದ್ರವದಲ್ಲಿ ಕಣಗಳು ಸದಾ ಅಲುಗಾಡುತ್ತಿರುತ್ತವೆ. ದ್ರವ ಆರಿದಂತೆ ಅವು ಹತ್ತಿರ ಬರುತ್ತವೆ. ಗಾತ್ರ ಒಂದೇ ಆಗಿದ್ದರೆ ಕ್ರಮವಾಗಿ ಕೂರುತ್ತವೆ. ಬಣ್ಣ ಬದಲಿಸುತ್ತಾ ಹೊಳೆಯುವ ಓಪಲ್ ರತ್ನದೊಳಗೂ ಸಿಲಿಕಾದ ಪುಟ್ಟ ಗೋಲಗಳು ಹೀಗೆಯೇ ಸಾಲಾಗಿವೆ.

ಬೆಂಗಳೂರಿನ ನಂಟು

ಈ ಕ್ಷೇತ್ರದಲ್ಲಿ ಕನ್ನಡಿಗ ವಿಜ್ಞಾನಿ, ಭಾರತ ರತ್ನ ಸಿ.ಎನ್.ಆರ್. ರಾವ್ ಅವರ ಕೆಲಸವೂ ಇದೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅವರು ಮತ್ತು ಜಿ.ಯು. ಕುಲಕರ್ಣಿ ಅವರ ತಂಡ 561 ಪರಮಾಣುಗಳ ಪಲ್ಲಾಡಿಯಂ ಕಣಗಳನ್ನು ಬಳಸಿ ನಡೆಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಒಂದು ಪರಮಾಣುವಿನ ಸುತ್ತ 12 ಸೇರಿದರೆ 13, ಮುಂದಿನ ಸುತ್ತಿಗೆ 55. ಇದೇ ಲೆಕ್ಕದಲ್ಲಿ ಐದನೇ ಸುತ್ತಿಗೆ 561. ಪರಮಾಣುಗಳಂತೆ ಇಡೀ ಕಣಗಳೂ ಇಂಥದೇ ಸಂಖ್ಯೆಗಳಲ್ಲಿ ಗುಂಪುಗೂಡುತ್ತವೆ ಎಂಬುದು ಆ ತಂಡದ ವಾದ.

ಅಡ್ಡಿ ಏನು?

ದೊಡ್ಡ ಸ್ಫಟಿಕ ಬೆಳೆಸುವುದೇ ಕಷ್ಟ. ಬೇಗ ಆರಿಸಿದರೆ ಕಣಗಳು ಸಿಕ್ಕಲ್ಲೇ ಅಂಟಿಕೊಂಡು ಗೊಂದಲದ ಮುದ್ದೆಯಾಗುತ್ತವೆ. ತಪ್ಪು ಜಾಗದಲ್ಲಿ ಕೂತ ಕಣ ಕಳಚಿಕೊಂಡು ಸರಿಯಾದ ಜಾಗ ಸೇರಲು ಸಮಯ ಬೇಕು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಚಿನ್ನದ ಕಣಗಳಿಗೆ ಡಿಎನ್‌ಎ ಎಳೆಗಳನ್ನು ಜೋಡಿಸಿ, ಬಿಸಿ ಮಾಡಿ, ಎರಡು ಮೂರು ದಿನ ನಿಧಾನವಾಗಿ ತಣಿಸಿದರು. 2014ರಲ್ಲಿ ವರದಿಯಾದ ಈ ಪ್ರಯೋಗದಲ್ಲಿ ಚೊಕ್ಕ ಮುಖಗಳ ಸ್ಫಟಿಕಗಳು ದೊರೆತವು. ಆದರೂ ಅವುಗಳ ಗಾತ್ರ ಕೂದಲಿನ ದಪ್ಪಕ್ಕಿಂತ ಚಿಕ್ಕದು.

ನಮಗೇನು ಲಾಭ?

ಕಣಗಳ ನಡುವಿನ ಅಂತರ ಬದಲಾದರೆ ಬೆಳಕು ಮತ್ತು ವಿದ್ಯುತ್ ಹರಿಯುವ ರೀತಿಯೂ ಬದಲಾಗುತ್ತದೆ. ಹಾಗಾಗಿ ಸೌರಕೋಶ, ಪರದೆ, ಸಂವೇದಕಗಳಿಗೆ ಇವು ಉಪಯುಕ್ತವಾಗಬಲ್ಲವು. ಆದರೆ ಸಾಲಿನಲ್ಲಿ ಬಿರುಕಿದ್ದರೆ ವಿದ್ಯುತ್ ಅಲ್ಲೇ ತಡೆಯುತ್ತದೆ. ಪ್ರಯೋಗಾಲಯದ ಈ ಸ್ಫಟಿಕ ಕಾರ್ಖಾನೆ ತಲುಪಬೇಕಾದರೆ ಅದು ದೊಡ್ಡದಾಗಿ, ಬಿರುಕಿಲ್ಲದೆ, ಅಗ್ಗವಾಗಿ ಬೆಳೆಯಬೇಕು.