ಶತ್ರುಗಳೇ ದುಡಿಯುವ ಕಾರ್ಖಾನೆ

ಮೈಯೊಳಗೆ ರೋಗಾಣು ಹೊಕ್ಕರೆ ರಕ್ತದಲ್ಲಿ ಬಗೆಬಗೆಯ ಪ್ರತಿಕಾಯಗಳು ಒಟ್ಟಿಗೇ ಹುಟ್ಟಿಕೊಳ್ಳುತ್ತವೆ. ಔಷಧ ಮಾಡುವವರಿಗೆ ಬೇಕಾದದ್ದು ಅವುಗಳಲ್ಲಿ ಒಂದೇ ಬಗೆ, ಅದೂ ಧಾರಾಳವಾಗಿ. ಪ್ರತಿಕಾಯ ತಯಾರಿಸುವ ಒಂದೇ ಬಿ ಕೋಶದ ಸಂತತಿಯನ್ನು ಬೆಳೆಸಿದರೆ ಅದು ಸಿಕ್ಕೀತು. ಆದರೆ ಪ್ರಯೋಗಾಲಯದ ತಟ್ಟೆಯಲ್ಲಿ ಆ ಕೋಶ ಹೆಚ್ಚು ದಿನ ಬಾಳದು.

1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಇದಕ್ಕೆ ಕ್ಯಾನ್ಸರನ್ನೇ ದುಡಿಮೆಗೆ ಹಚ್ಚಿದರು. ಕುರಿಯ ಕೆಂಪು ರಕ್ತಕಣ ಚುಚ್ಚಿದ ಇಲಿಯ ಗುಲ್ಮದಿಂದ ಬಿ ಕೋಶಗಳನ್ನು ತೆಗೆದು, ಸಾವಿಲ್ಲದಂತೆ ಬೆಳೆಯುವ ಮೈಲೋಮಾ ಎಂಬ ಕ್ಯಾನ್ಸರಿನ ಕೋಶಗಳೊಂದಿಗೆ ಬೆಸೆದರು. ಬೆಸುಗೆಗೆ ಬಳಸಿದ್ದು ನಿಷ್ಕ್ರಿಯಗೊಳಿಸಿದ ಸೆಂಡಾಯ್ ವೈರಸ್. ಆಮೇಲೆ ಆ ಜಾಗಕ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಬಂತು. ಇಬ್ಬರಿಗೂ 1984ರಲ್ಲಿ ನೊಬೆಲ್ ಸಿಕ್ಕಿತು.

ಎಲ್ಲರೂ ಕೊಂಡಾಡುವುದು ಈ ಬೆಸುಗೆಯನ್ನು. ನನಗೆ ಅದಕ್ಕಿಂತ ಸೋಜಿಗ ತರುವುದು ನಂತರದ ಜರಡಿ. ಬೆಸೆದುಕೊಳ್ಳುವುದು ತೀರ ಕಡಿಮೆ ಕೋಶಗಳು, ಉಳಿದವನ್ನು ಕೊಲ್ಲಬೇಕು. ಅಮಿನೋಪ್ಟೆರಿನ್ ಎಂಬ ವಿಷ ಡಿಎನ್‌ಎ ತಯಾರಿಯ ಮುಖ್ಯ ದಾರಿಯನ್ನು ಮುಚ್ಚುತ್ತದೆ. ಅದರ ಬದಲು ಹಿಡಿಯಬಹುದಾದ ಒಳದಾರಿಗೆ ಬೇಕಾದ ಕಿಣ್ವ ಇಲ್ಲದ ಮೈಲೋಮಾ ಕೋಶ ಸಾಯುತ್ತದೆ. ಒಂಟಿ ಬಿ ಕೋಶ ತಾನಾಗಿಯೇ ಸಾಯುತ್ತದೆ. ಒಂದರಿಂದ ಕಿಣ್ವ, ಇನ್ನೊಂದರಿಂದ ಆಯುಸ್ಸು ಪಡೆದ ಬೆಸೆದ ಕೋಶ, ಅಂದರೆ ಹೈಬ್ರಿಡೋಮಾ, ಮಾತ್ರ ಉಳಿಯುತ್ತದೆ. ಹೀಗೆ ಉಳಿದ ಕೋಶಗಳನ್ನು ತಟ್ಟೆಯ ಗುಳಿಗೊಂದರಂತೆ ಹಂಚಿ, ಬೇಕಾದ ಪ್ರತಿಕಾಯ ಸುರಿಸುವ ವಂಶವನ್ನು ಆರಿಸುತ್ತಾರೆ.

ಆದರೆ ಇಂದಿನ ಕಾರ್ಖಾನೆಗಳಲ್ಲಿ ಹೈಬ್ರಿಡೋಮಾಗಿಂತ ಹೆಚ್ಚಾಗಿ ದುಡಿಯುವುದು ಚೀನೀ ಹ್ಯಾಮ್‌ಸ್ಟರಿನ ಅಂಡಾಶಯದಿಂದ ಬಂದ ಕೋಶಗಳು. ಬೇಕಾದ ಪ್ರತಿಕಾಯದ ಜೀನನ್ನು ಅವಕ್ಕೆ ಸೇರಿಸಿ ಉಕ್ಕಿನ ತೊಟ್ಟಿಗಳಲ್ಲಿ ಬೆಳೆಸುತ್ತಾರೆ. ಬೆಂಗಳೂರಿನ ಬಯೋಕಾನ್ ಸ್ತನ ಕ್ಯಾನ್ಸರಿನ ಪ್ರತಿಕಾಯ ಔಷಧ ಟ್ರಾಸ್ಟುಜುಮ್ಯಾಬ್ ಮಾಡುವುದೂ ಹೀಗೆಯೇ. 2017ರಲ್ಲಿ ಅಮೆರಿಕವೂ ಅದಕ್ಕೆ ಒಪ್ಪಿಗೆ ಕೊಟ್ಟಿತು.

ತೊಟ್ಟಿಯ ದ್ರವದಲ್ಲಿ ಪ್ರತಿಕಾಯದ ಜೊತೆ ಕೋಶಗಳ ಕಸವೂ ಇರುತ್ತದೆ. ಬೇರ್ಪಡಿಸುವ ಹೊಣೆ ಮತ್ತೊಬ್ಬ ಶತ್ರುವಿನದು. ಕುರು ಎಬ್ಬಿಸುವ ಸ್ಟ್ಯಾಫಿಲೋಕಾಕಸ್ ಆರಿಯಸ್, ನಮ್ಮ ಪ್ರತಿಕಾಯಗಳ ಬಾಲ ಹಿಡಿದು ಕೆಲಸ ಕೆಡಿಸಲು ಪ್ರೋಟೀನ್ ಎ ಎಂಬುದನ್ನು ಹೊದ್ದಿರುತ್ತದೆ. ಅದನ್ನು ಸಣ್ಣ ಮಣಿಗಳಿಗೆ ಅಂಟಿಸಿ, ಕೊಳವೆಯಲ್ಲಿ ತುಂಬಿ, ದ್ರವ ಹರಿಸಿದರೆ ಪ್ರತಿಕಾಯ ಮಣಿಗೆ ಕಚ್ಚಿಕೊಳ್ಳುತ್ತದೆ, ಕಸ ಹರಿದುಹೋಗುತ್ತದೆ. ಆಮ್ಲೀಯ ದ್ರಾವಣ ಹಾಯಿಸಿದರೆ ಹಿಡಿತ ಸಡಿಲುತ್ತದೆ. ಅದೇ ಆಮ್ಲದಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕೆಲವು ಬಗೆಯ ವೈರಸ್‌ಗಳೂ ನಾಶವಾಗುತ್ತವೆ. ಹೆಚ್ಚು ಹೊತ್ತಾದರೆ ಪ್ರತಿಕಾಯವೇ ಗಂಟುಕಟ್ಟುತ್ತದೆ. ಈ ಮಣಿಗಳು ಬಲು ದುಬಾರಿ. ಹಾಗಾಗಿ ತೊಳೆದು ತೊಳೆದು ಹಲವು ಸಲ ಬಳಸುತ್ತಾರೆ, ಆದರೂ ಔಷಧದ ಬೆಲೆಯಲ್ಲಿ ಅವುಗಳ ಪಾಲು ಇದ್ದೇ ಇರುತ್ತದೆ.