ಬಂಪರ್‌ಗೆ ಮತ್ತೆ ಕ್ರೋಮ್: ಮನೆಯಲ್ಲೇ ಮಾಡಬಹುದಾ, ಪ್ಲೇಟಿಂಗ್‌ನವರಿಗೇ ಕೊಡಬೇಕಾ?

ಕುಮಟಾ: ಮಳೆಗಾಲ ಮುಗಿಯುತ್ತಿದ್ದಂತೆ ಕರಾವಳಿಯ ಗ್ಯಾರೇಜುಗಳಲ್ಲಿ ಕೇಳಿಬರುವ ಮಾಮೂಲು ದೂರು ಒಂದಿದೆ. ಹಳೇ ಅಂಬಾಸಿಡರ್ ಬಂಪರ್ ಇರಲಿ, ಬುಲೆಟ್ ಸೈಲೆನ್ಸರ್ ಇರಲಿ, ಕ್ರೋಮ್ ಎದ್ದು ಒಳಗಿನ ತುಕ್ಕು ಕಾಣತೊಡಗುತ್ತದೆ. ಭಟ್ಕಳದಿಂದ ಕುಮಟಾವರೆಗೆ ಹೆದ್ದಾರಿ 66 ಸಮುದ್ರದ ಪಕ್ಕದಲ್ಲೇ ಸಾಗುತ್ತದೆ. ಉಪ್ಪುಗಾಳಿ ತಪ್ಪಿಸಿಕೊಳ್ಳುವ ಗಾಡಿ ಇಲ್ಲಿ ಇಲ್ಲ. ಹೀಗಾಗಿ ಮೊಬೈಲಿನಲ್ಲಿ ವಿಡಿಯೋ ನೋಡಿ, 'ಬಕೆಟ್ಟು, ಬ್ಯಾಟರಿ ಚಾರ್ಜರ್ ಇದ್ರೆ ಸಾಕಲ್ಲ, ಮನೆಯಲ್ಲೇ ಮಾಡೋಣ' ಎನ್ನುವವರು ಹೆಚ್ಚಾಗಿದ್ದಾರೆ.

ಮೊದಲು ತಿಳಿಯಬೇಕಾದ್ದು, ಹೊಳೆಯುವ ಕ್ರೋಮ್ ತುಕ್ಕು ತಡೆಯುವ ಮುಖ್ಯ ಪದರವೇ ಅಲ್ಲ. ಅದರ ದಪ್ಪ ಸಾಮಾನ್ಯವಾಗಿ ಅರ್ಧ ಮೈಕ್ರಾನ್‌ಗಿಂತ ಕಡಿಮೆ; ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಕಬ್ಬಿಣವನ್ನು ಕಾಯುವುದು ಅದರ ಅಡಿಯ ನಿಕ್ಕಲ್, ಕೆಲವೊಮ್ಮೆ ಅದಕ್ಕೂ ಕೆಳಗೆ ತಾಮ್ರ. ನಿಕ್ಕಲ್ ತೆಳುವಾಗಿದ್ದರೆ ಉಪ್ಪುನೀರು ಸಣ್ಣ ರಂಧ್ರಗಳಲ್ಲಿ ಇಳಿದು ಕಬ್ಬಿಣ ತಿನ್ನುತ್ತದೆ, ಮೇಲಿನ ಹೊಳಪು ಸಿಪ್ಪೆಯಂತೆ ಏಳುತ್ತದೆ. ಅಗ್ಗದ ಕೆಲಸ ಎರಡನೇ ಮಳೆಗಾಲ ನೋಡದಿರಲು ಕಾರಣ ಇದೇ.

ವಿನೆಗರ್, ಉಪ್ಪು, ನಿಕ್ಕಲ್ ತುಂಡು ಇಟ್ಟು ಮನೆಯಲ್ಲಿ ಮಾಡಿ ತೋರಿಸುವುದು ನಿಕ್ಕಲ್ ಲೇಪನ, ಕ್ರೋಮ್ ಅಲ್ಲ. ಸಣ್ಣ ಬೋಲ್ಟ್, ಕ್ಲಿಪ್‌ಗೆ ಅದು ನಡೆದೀತು, ಆದರೆ ಆ ದ್ರಾವಣವೂ ಕೈಗೆ, ಗಾಳಿಗೆ ಒಳ್ಳೆಯದಲ್ಲ. ನಿಕ್ಕಲ್ ಸಿಗಲಿಲ್ಲವೆಂದು ಸ್ಟೀಲ್ ಚಮಚ ಇಟ್ಟು ಉಪ್ಪುನೀರಿಗೆ ಕರೆಂಟ್ ಹಾಯಿಸುವುದಂತೂ ಬೇಡವೇ ಬೇಡ. ಸ್ಟೇನ್‌ಲೆಸ್ ಸ್ಟೀಲಿನಲ್ಲಿರುವ ಕ್ರೋಮಿಯಂ ಕರಗಿ, ಹೆಕ್ಸಾವೇಲೆಂಟ್ ಎಂಬ ವಿಷಕಾರಿ ರೂಪಕ್ಕೆ ಬರಬಹುದು. ಅದು ಕ್ಯಾನ್ಸರ್ ತರುವ ವಸ್ತು.

ಅಸಲಿ ಕ್ರೋಮ್ ಪ್ಲೇಟಿಂಗ್‌ನ ತೊಟ್ಟಿಯಲ್ಲಿ ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಮ್ಲ ಇರುತ್ತದೆ. ಕರೆಂಟ್ ಹರಿದಾಗ ಏಳುವ ಗುಳ್ಳೆಗಳು ಆ ಆಮ್ಲವನ್ನು ಮಂಜಿನಂತೆ ಗಾಳಿಗೆ ಎಸೆಯುತ್ತವೆ. ಕಾರ್ಖಾನೆಯಲ್ಲಿ ಎಕ್ಸಾಸ್ಟ್ ಇರುತ್ತದೆ, ಮನೆ ಹಿಂದಿನ ಶೆಡ್ಡಿನಲ್ಲಿ ಎಲ್ಲಿಂದ ಬರಬೇಕು? ಇನ್ನು ಉಳಿದ ನೀರು. ನಮ್ಮ ಕಡೆ ಅಂಗಳದಲ್ಲೇ ಬಾವಿ. ಕುಡಿಯುವ ನೀರಿನಲ್ಲಿ ಕ್ರೋಮಿಯಂಗೆ ಬಿಐಎಸ್ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಒಂದು ಲೀಟರ್ ದ್ರಾವಣದಲ್ಲಿ ಇರುವ ಕ್ರೋಮಿಯಂ ಲಕ್ಷಾಂತರ ಲೀಟರ್ ನೀರನ್ನು ಈ ಮಿತಿ ದಾಟಿಸುವಷ್ಟು. ಪ್ಲೇಟಿಂಗ್ ಘಟಕಗಳು ತುಂಬಿರುವ ಬೆಂಗಳೂರಿನ ಪೀಣ್ಯದಲ್ಲಿ ಅಂತರ್ಜಲದಲ್ಲೇ ಕ್ರೋಮಿಯಂ ಪತ್ತೆಯಾಗಿದೆ. ತೋಡಿಗೆ ಸುರಿದರೆ ಅದು ಹೋಗುವುದು ಶರಾವತಿ, ಅಘನಾಶಿನಿಗೆ, ಜನ ಚಿಪ್ಪೆಕಲ್ಲು ಆರಿಸುವ ಜಾಗಕ್ಕೆ.

ಹಾಗಂತ ಪ್ಲೇಟಿಂಗ್‌ನವರಿಗೆ ಕೊಟ್ಟರೆ ಎಲ್ಲ ಸರಿ ಅಂತಲೂ ಅಲ್ಲ. ಕೊಡುವಾಗ 'ನಿಕ್ಕಲ್ ಎಷ್ಟು ಮೈಕ್ರಾನ್?' ಎಂದು ಕೇಳಬೇಕು. ಕರಾವಳಿಯ ಗಾಡಿಗೆ 20ಕ್ಕಿಂತ ಹೆಚ್ಚು ಇದ್ದರೆ ಒಳ್ಳೆಯದು. ಉತ್ತರ ಕೊಡಲು ತಡವರಿಸುವವನ ಹತ್ತಿರ ಕೆಲಸ ಕೊಡದಿರುವುದೇ ಲೇಸು. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದೆಯೇ ಎಂದೂ ವಿಚಾರಿಸಿ. ಖರ್ಚಿನ ದೊಡ್ಡ ಪಾಲು ಹೋಗುವುದು ಪಾಲಿಶ್‌ಗೆ; ನೆಗ್ಗು, ಗುಳಿ ಮುಚ್ಚದೆ ಪ್ಲೇಟ್ ಮಾಡಿದರೆ ಕ್ರೋಮ್ ಅದನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ಕಳಿಸುವ ಮೊದಲು ಬಿಡಿಭಾಗಗಳ ಫೋಟೋ ತೆಗೆದಿಟ್ಟರೆ ಮುಂದೆ ಜಗಳ ಇಲ್ಲ. ಸ್ಪ್ರಿಂಗ್, ಗಟ್ಟಿ ಸ್ಟೀಲಿನ ಬೋಲ್ಟ್‌ಗಳಿಗೆ ಕ್ರೋಮ್ ಮಾಡಿಸಬೇಡಿ. ಲೋಹದೊಳಗೆ ಹೈಡ್ರೋಜನ್ ಸೇರಿ ಏಕಾಏಕಿ ಮುರಿಯುವ ಅಪಾಯ ಇದೆ.

ಈಗಿನ ಕಾರುಗಳ ಗ್ರಿಲ್, ಲಾಂಛನಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್. ಅವಕ್ಕೆ ಮರುಪ್ಲೇಟಿಂಗ್ ಮಾಡಿಸುವ ಬದಲು ಹೊಸದು ಹಾಕಿಸುವುದೇ ಸಾಮಾನ್ಯವಾಗಿ ಅಗ್ಗ.

ಮೇಲ್ಮೇಲಿನ ಕಂದು ಚುಕ್ಕೆಗಳಿಗಾದರೆ ಇದ್ಯಾವುದೂ ಬೇಡ. ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ, ಸಿಹಿನೀರಲ್ಲಿ ತೊಳೆದು, ಒರೆಸಿ ವ್ಯಾಕ್ಸ್ ಹಚ್ಚಿದರೆ ಆಯಿತು. ಉಜ್ಜಿದ ಮೇಲೂ ಗುಳಿ ಬೆರಳಿಗೆ ಸಿಕ್ಕರೆ ತುಕ್ಕು ನಿಕ್ಕಲ್ ದಾಟಿದೆ ಎಂದೇ ಅರ್ಥ.