ಮನೆಯ ನಿಲುವಂಗಿ

ಹೊರಗೆ ಹೋಗುವಾಗ ಎಂತಹ ಉಡುಪನ್ನು ಧರಿಸಬೇಕೆಂಬುದನ್ನು ಲೋಕವು ನಿರ್ಣಯಿಸುತ್ತದೆ. ಮನೆಯೊಳಗೆ ಏನನ್ನು ತೊಡಬೇಕೆಂಬುದನ್ನು ಮೈ ನಿರ್ಣಯಿಸುತ್ತದೆ. ಈ ಎರಡನೆಯ ಬಗೆಗೆ ಸೇರಿದುದು ಪಾಶ್ಚಾತ್ಯರ ‘ಬಾತ್‌ರೋಬ್’, ಅಂದರೆ ಸ್ನಾನದ ನಿಲುವಂಗಿ. ಗುಂಡಿಗಳಿಲ್ಲದೆ ಸೊಂಟಕ್ಕೊಂದು ಪಟ್ಟಿಯನ್ನು ಮಾತ್ರ ಕಟ್ಟಿಕೊಳ್ಳುವ ಈ ಸಡಿಲವಾದ ಅಂಗಿಯು ಕೇವಲ ಶ್ರೀಮಂತರ ವಿಲಾಸವೆಂದು ಹಲವರು ಭಾವಿಸುವುದುಂಟು. ಆದರೆ ಇದರ ಪೂರ್ವವೃತ್ತಾಂತವನ್ನು ವಿಚಾರಿಸಿದರೆ, ಇದು ನಮಗೆ ಅಷ್ಟೇನೂ ಪರಕೀಯವಲ್ಲವೆಂದು ತಿಳಿದುಬರುತ್ತದೆ.

ಹದಿನೇಳನೆಯ ಶತಮಾನದಲ್ಲಿ ಪೂರ್ವದೇಶಗಳೊಡನೆ ವ್ಯಾಪಾರವು ಬೆಳೆದಂತೆ, ಜಪಾನಿನ ಕಿಮೋನೊಗಳೂ ಭಾರತದ ಚಿತ್ತಾರದ ಹತ್ತಿಬಟ್ಟೆಗಳೂ ಯುರೋಪನ್ನು ತಲಪಿದವು. ಅವುಗಳ ಮಾದರಿಯಲ್ಲಿ ಮನೆಯೊಳಗೆ ತೊಡುವ ನಿಲುವಂಗಿಗಳು ಹುಟ್ಟಿಕೊಂಡವು. ಇಂಗ್ಲಿಷರು ಅದನ್ನು ‘ಬನಿಯನ್’ ಎಂದು ಕರೆದರು. ಗುಜರಾತಿನ ವರ್ತಕರನ್ನು ಸೂಚಿಸುವ ‘ವಾಣಿಯೊ’ ಎಂಬ ಪದವೇ ಇದರ ಮೂಲ. ಲಂಡನ್ನಿನ ದಿನಚರಿಕಾರನಾದ ಸ್ಯಾಮ್ಯುಯೆಲ್ ಪೀಪ್ಸನು 1661ರಲ್ಲಿ ಇಂತಹ ‘ಇಂಡಿಯನ್ ಗೌನ್’ ಒಂದನ್ನು ಕೊಂಡನು. 1666ರಲ್ಲಿ ಮತ್ತೊಂದನ್ನು ಬಾಡಿಗೆಗೆ ತಂದು, ಅದನ್ನು ತೊಟ್ಟು ಭಾವಚಿತ್ರವನ್ನು ಬರೆಯಿಸಿಕೊಂಡನು. ನಾವು ಒಳಗೆ ತೊಡುವ ಬನಿಯನ್ನಿಗೂ ಅದೇ ಹೆಸರು ಉಳಿದುಬಂದಿದೆ.

ನಿಲುವಂಗಿಗೆ ನೀರು ಹೀರುವ ಬಟ್ಟೆಯು ದೊರೆತದ್ದು ತುರ್ಕಿ ದೇಶದಿಂದ. ಅಲ್ಲಿನ ಸ್ನಾನಗೃಹಗಳಲ್ಲಿ ಬಳಸುತ್ತಿದ್ದ ಕುಣಿಕೆಗಳುಳ್ಳ ಬಟ್ಟೆಯನ್ನು ಇಂಗ್ಲೆಂಡಿನ ಹೆನ್ರಿ ಕ್ರಿಸ್ಟಿ ಎಂಬವನು ತನ್ನ ದೇಶಕ್ಕೆ ಒಯ್ದನು. ಅದನ್ನು ಯಂತ್ರದಿಂದ ನೇಯುವ ಕ್ರಮವು ಸಿದ್ಧವಾಗಿ, 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದು ಜನರ ಕಣ್ಣಿಗೆ ಬಿದ್ದಿತು. ನಮ್ಮ ಮನೆಗಳ ‘ಟರ್ಕಿ ಟವೆಲ್ಲು’ ಇದೇ ಆಗಿದೆ. ಇದರ ನೇಯ್ಗೆಯಲ್ಲಿ ಹಾಸಿನ ನೂಲು ಎರಡು ಬಗೆ: ಒಂದು ಬಿಗಿ, ಇನ್ನೊಂದು ಸಡಿಲ. ಸಾಮಾನ್ಯವಾಗಿ ಮೂರು ಹೊಕ್ಕುಗಳನ್ನು ಒಟ್ಟಾಗಿ ಒತ್ತಿದಾಗ ಸಡಿಲವಾದ ನೂಲು ಮೇಲೆದ್ದು ಕುಣಿಕೆಯಾಗುತ್ತದೆ. ಈ ಅಸಂಖ್ಯ ಕುಣಿಕೆಗಳು ಮೈಯ ನೀರನ್ನು ಹೀರುತ್ತವೆ. ಅವುಗಳ ನಡುವೆ ಸಿಕ್ಕಿದ ಗಾಳಿಯು ಮೈಯ ಬಿಸಿಯನ್ನು ಕಾಪಾಡುತ್ತದೆ. ಕನ್ನಡಿಗರೂ ಬಹುಸಂಖ್ಯೆಯಲ್ಲಿ ನೆಲೆಸಿರುವ ಸೊಲ್ಲಾಪುರವು ಈ ಟವೆಲ್ಲುಗಳಿಗೆ ಹೆಸರಾಗಿದೆ.

ಒದ್ದೆ ಮೈಯಿಂದ ನೀರು ಆವಿಯಾಗುವಾಗ ಶಾಖವನ್ನೂ ಒಯ್ಯುವುದರಿಂದ, ಶೀತದೇಶಗಳಲ್ಲಿ ಇಂತಹ ದಪ್ಪನೆಯ ನಿಲುವಂಗಿಯು ಉಚಿತವೇ ಸರಿ. ಆದರೆ ಮುಂಬಯಿಯ ಮಳೆಗಾಲದಲ್ಲಿ ಗಾಳಿಯೇ ತೇವದಿಂದ ತುಂಬಿರುವಾಗ ದಪ್ಪ ಬಟ್ಟೆಯು ಬೇಗ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಸೆಕೆಯ ಬೇಸಗೆಯುಳ್ಳ ಜಪಾನಿನಲ್ಲಿ ಸ್ನಾನದ ಉಡುಪಾಗಿ ಹುಟ್ಟಿದ ‘ಯುಕಾತ’ವು ತೆಳುವಾದ ಹತ್ತಿಯದಾದುದೂ, ನಮ್ಮ ಹಿರಿಯರು ಪಂಚೆಯನ್ನು ಮೆಚ್ಚಿದುದೂ ಸಕಾರಣವಾಗಿಯೇ. ಮನೆಯುಡುಪಿಗೆ ಬೇಕಾದುದು ಬೆಲೆಯಲ್ಲ. ಸಡಿಲತೆ, ಶುಚಿ ಮತ್ತು ಹವೆಗೆ ಹೊಂದಿಕೆ.

ಅಡುಗೆ, ಓದು, ನಿದ್ರೆಗಳೆಲ್ಲ ಒಂದೇ ಕೋಣೆಯಲ್ಲಿ ನಡೆಯುವ ಮನೆಗಳು ಈ ನಗರದಲ್ಲಿ ಅನೇಕ. ಅಲ್ಲಿ ಬಟ್ಟೆ ಬದಲಿಸುವುದೆಂದರೆ ಕೋಣೆ ಬದಲಿಸಿದಂತೆಯೇ. ಕೆಲಸದಿಂದ ಬಂದ ತಂದೆಯೂ ಶಾಲೆಯಿಂದ ಬಂದ ನಾವೂ ಹೊರಗಿನ ಉಡುಪನ್ನು ಕಳಚಿ ಹಗುರಾಗುತ್ತೇವೆ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಮನೆಯಲ್ಲಿಯೇ ದುಡಿಯುವ ತಾಯಿಗೆ ಅಡುಗೆಯ ಸೀರೆಯೇ ವಿಶ್ರಾಂತಿಯ ಸೀರೆಯೂ ಆಗಿರುವುದುಂಟು. ಉಡುಪನ್ನು ಬದಲಿಸಿ ಕುಳಿತುಕೊಳ್ಳುವಷ್ಟು ಬಿಡುವನ್ನು ಅವಳಿಗೂ ದೊರಕಿಸಿಕೊಡುವುದು ಮನೆಯವರೆಲ್ಲರ ಕರ್ತವ್ಯ. ನಮ್ಮ ಬಟ್ಟೆಗಳನ್ನು ನಾವೇ ಒಗೆದು ಒಣಗಿಸುವುದರಿಂದ ಇದನ್ನು ಆರಂಭಿಸಬಹುದು.